ಸಾಂಕ್ರಾಮಿಕದ ಚಳಿಗಾಲ ಮತ್ತು ಗ್ರಾಮ ಪಂಚಾಯತಿ ಸಿಬ್ಬಂದಿ

(ನೂತನ ಸದಸ್ಯರಿಗೆ ಕನಕಗಿರಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ಮಾತು ಈ ಸೀಮೆಯಲ್ಲಿ ಎಲ್ಲರ ಬಾಯಲ್ಲಿದೆ. ಕನಕಾಚಲಪತಿ ದೇವಾಲಯದ ಶಿಲ್ಪವನ್ನು ಕಂಡು ಹುಟ್ಟಿದ ಮಾತು ಅದು. ಆದರೆ ನಸುಕಿನ ಚಳಿಯಲ್ಲಿ ಮಫ್ಲರ್ ಸುತ್ತಿಕೊಂಡು ನೀರಿನ ಟ್ಯಾಂಕಿನ ಕೆಳಗೆ ನಿಂತ ವಾಟರ್‌ಮನ್ ಮಾತ್ರ ಊರಿನ ಕಣ್ಣಿಗೆ ಬೀಳುವುದು ನಲ್ಲಿಯಲ್ಲಿ ನೀರು ಬಾರದ ದಿನವೇ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆರಂಭವಾಯಿತು. ಅದೇ ವರ್ಷದ ಮಧ್ಯಭಾಗದಲ್ಲಿ ಹಿಂದಿನ ಸದಸ್ಯರ ಅವಧಿ ಮುಗಿದು ಗ್ರಾಮ ಪಂಚಾಯತಿಗಳಿಗೆ ಆಡಳಿತಾಧಿಕಾರಿಗಳು ಬಂದರು. ಡಿಸೆಂಬರ್ 22 ಮತ್ತು 27ರಂದು ಮತದಾನ ನಡೆದು, 30ರಂದು ಎಣಿಕೆ ಮುಗಿಯುವವರೆಗೆ ಓಣಿಯ ದೂರನ್ನು ಕೇಳಲು ಚುನಾಯಿತ ಸದಸ್ಯರಿರಲಿಲ್ಲ. ದೂರುಗಳೆಲ್ಲ ನೇರವಾಗಿ ವಾಟರ್‌ಮನ್, ಕರವಸೂಲಿಗಾರ, ಸ್ವಚ್ಛತಾಗಾರ, ಡಾಟಾ ಎಂಟ್ರಿ ಆಪರೇಟರ್ ಮತ್ತು ಜವಾನರ ತಲೆಯ ಮೇಲೆ ಬಿದ್ದವು. ಊರಿಗೆ ಮರಳಿದ ಗುಳೆ ಕುಟುಂಬಗಳ ಪಟ್ಟಿ, ಸೋಂಕು ಕಂಡ ಓಣಿಗಳಲ್ಲಿ ದ್ರಾವಣ ಸಿಂಪಡಣೆ, ಉದ್ಯೋಗ ಖಾತ್ರಿಯ ಕೂಲಿ ಬೇಡಿಕೆ, ಮತಗಟ್ಟೆಯ ಸ್ವಚ್ಛತೆ, ಇವೆಲ್ಲವೂ ನಿತ್ಯದ ಕೆಲಸದ ಮೇಲೆ ಬಂದು ಕೂಡಿದವು. ಕೈಗಳು ಮಾತ್ರ ಮೊದಲಿದ್ದಷ್ಟೇ ಉಳಿದವು.

ಆ ಚಳಿಗಾಲದ ಒಂದು ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ತಾಲ್ಲೂಕಿನ ಒಂದು ಹಳ್ಳಿಯ ವಾಟರ್‌ಮನ್‌ಗೆ ಜ್ವರ ಬಂತು. ತ್ರೀಫೇಸ್ ವಿದ್ಯುತ್ ರಾತ್ರಿಯ ಪಾಳಿಯಲ್ಲಿ ಬರುತ್ತಿದ್ದುದರಿಂದ ಆತ ಎರಡು ಗಂಟೆಗೆ ಎದ್ದು ಹೊಲದಾಚೆಯ ಕೊಳವೆಬಾವಿಗೆ ಹೋಗಿ ಮೋಟಾರು ಚಾಲೂ ಮಾಡಬೇಕಿತ್ತು. ಜ್ವರವನ್ನು ಮೂರು ದಿನ ಯಾರಿಗೂ ಹೇಳಲಿಲ್ಲ. ಹೇಳಿದರೆ ಮನೆಯಲ್ಲಿ ಕೂಡಿಸುತ್ತಾರೆ, ನೀರು ನಿಲ್ಲುತ್ತದೆ, ಸಂಬಳವೂ ಕಡಿತವಾಗುತ್ತದೆ ಎಂಬುದು ಅವನ ಲೆಕ್ಕ. ನಾಲ್ಕನೆಯ ದಿನ ಪರೀಕ್ಷೆಯಲ್ಲಿ ಸೋಂಕು ಖಚಿತವಾಯಿತು. ಆ ಮೂರು ದಿನಗಳಲ್ಲಿ ಆತನೊಡನೆ ಕುಳಿತು ಚಹಾ ಕುಡಿದಿದ್ದ ಇನ್ನೊಬ್ಬ ವಾಟರ್‌ಮನ್ ಕೂಡ ಮನೆ ಹಿಡಿಯಬೇಕಾಯಿತು. ಊರಿಗೆ ಎರಡು ದಿನ ನೀರಿಲ್ಲ. ಕೊನೆಗೆ ಕರವಸೂಲಿಗಾರ ಫೋನನ್ನು ಕಿವಿಗಿಟ್ಟುಕೊಂಡು, ರೋಗಿ ಹಾಸಿಗೆಯಿಂದ ಹೇಳಿದಂತೆ ಒಂದೊಂದೇ ವಾಲ್ವ್ ತಿರುಗಿಸಿದ. ಹನುಮಪ್ಪನ ಗುಡಿಯ ಹತ್ತಿರದ್ದು ಪೂರ್ತಿ ತೆರೆಯಬೇಕು, ಶಾಲೆಯ ಬಳಿಯದ್ದು ಎರಡೂವರೆ ಸುತ್ತು ಸಾಕು, ಹೆಚ್ಚು ತಿರುಗಿಸಿದರೆ ಮೇಲಿನ ಓಣಿಗೆ ನೀರು ಏರುವುದಿಲ್ಲ. ಈ ವಿವರ ಯಾವ ನಕ್ಷೆಯಲ್ಲೂ ಇರಲಿಲ್ಲ, ಒಬ್ಬ ಮನುಷ್ಯನ ತಲೆಯಲ್ಲಿ ಮಾತ್ರ ಇತ್ತು.

ಮೋಟಾರು ಸುಟ್ಟರೆ ಬದಲಿ ಮೋಟಾರು ತರಿಸಲು ಅಂದಾಜುಪಟ್ಟಿ ಸಿದ್ಧವಾಗುತ್ತದೆ, ಅನುದಾನವೂ ಸಿಗುತ್ತದೆ. ಮೋಟಾರು ನಡೆಸುವವನು ಮಲಗಿದರೆ ಯಾರು ಎಂಬ ಪ್ರಶ್ನೆಗೆ ಬಹುಪಾಲು ಪಂಚಾಯತಿಗಳ ನಡಾವಳಿ ಪುಸ್ತಕದಲ್ಲಿ ಉತ್ತರವಿಲ್ಲ. ಆ ಚಳಿಗಾಲದ ನಿಯಮದಂತೆ ಮನೆಯಲ್ಲಿ ಪ್ರತ್ಯೇಕ ವಾಸಕ್ಕೆ ರೋಗಲಕ್ಷಣ ಕಂಡ ದಿನದಿಂದ ಕನಿಷ್ಠ 10 ದಿನ ಬೇಕಿತ್ತು, ಕೊನೆಯ 3 ದಿನ ಜ್ವರವಿರಬಾರದಿತ್ತು, ಅನಂತರ ಇನ್ನೂ 7 ದಿನ ಎಚ್ಚರಿಕೆ ವಹಿಸಬೇಕಿತ್ತು. ನಿಕಟ ಸಂಪರ್ಕದವರಿಗೆ 14 ದಿನ ಇತ್ತು. ಇಬ್ಬರೇ ಇರುವಲ್ಲಿ ಒಬ್ಬನಿಗೆ ಸೋಂಕು ತಗುಲಿದರೆ ಇಬ್ಬರೂ ಎರಡು ವಾರ ಇಲ್ಲವೆಂದೇ ತಿಳಿಯಬೇಕಿತ್ತು. ಲಸಿಕೆ 2021ರ ಜನವರಿ 16ರಂದು ಆರಂಭವಾಯಿತು, ಫೆಬ್ರವರಿ 2ರಿಂದ ಮುಂಚೂಣಿ ಕಾರ್ಯಕರ್ತರಿಗೂ ನೀಡಲಾಯಿತು. ಆದರೆ ಎರಡು ಡೋಸುಗಳ ನಡುವೆ ಆಗ 28 ದಿನಗಳ ಅಂತರವಿದ್ದುದರಿಂದ ಈ ಲೆಕ್ಕ ಕೂಡಲೇ ಬದಲಾಗಲಿಲ್ಲ.

ಆದುದರಿಂದ ಪ್ರತಿ ಹಳ್ಳಿಯಲ್ಲಿ ಒಬ್ಬ ಬದಲಿ ವ್ಯಕ್ತಿಯನ್ನು ಈಗಲೇ ಗುರುತಿಸುವುದು ಸೂಕ್ತ. ಆತ ವಾಟರ್‌ಮನ್‌ನ ಮನೆಯವನಾಗಿರಬಾರದು, ಏಕೆಂದರೆ ಅಂದು ಸೋಂಕು ಬಂದಾಗ ಇಡೀ ಮನೆಯೇ ಹೊರಗುಳಿಯುತ್ತಿತ್ತು. ಒಂದು ವಾರ ಜೊತೆಯಲ್ಲಿ ತಿರುಗಿ ವಾಲ್ವ್‌ಗಳನ್ನು ಕಲಿಯಲಿ. ಸ್ಟಾರ್ಟರ್ ಪೆಟ್ಟಿಗೆಯನ್ನು ಒದ್ದೆ ಕೈಯಿಂದ ಮುಟ್ಟಬಾರದು, ಮೇನ್ ತೆಗೆಯದೆ ತೆರೆಯಬಾರದು ಎಂಬುದನ್ನು ಮೊದಲ ದಿನವೇ ತಿಳಿಸಬೇಕು. ನೀರಿಗಾಗಿ ಜೀವ ಹೋಗುವುದು ಬೇಡ. ಮೇಲಿನ ಪ್ರಸಂಗದ ಕರವಸೂಲಿಗಾರ ಅಂದು ಕೇಳಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಪ್ಲಾಸ್ಟಿಕ್ ಹೊದಿಸಿ, ಪಂಪ್‌ಹೌಸಿನ ಬಾಗಿಲ ಹಿಂದೆ ಅಂಟಿಸಿದ್ದಾನೆ. ಖರ್ಚು ಹತ್ತು ರೂಪಾಯಿಯೂ ಆಗಿಲ್ಲ.

ಬದಲಿಯವನ ಕೂಲಿಯನ್ನು ಪಂಚಾಯತಿಯ ಸ್ವಂತ ಸಂಪನ್ಮೂಲದಿಂದ ಭರಿಸುವುದು ಮತ್ತು ಸೋಂಕಿತ ಸಿಬ್ಬಂದಿಯ ವೇತನವನ್ನು ಕಡಿತಗೊಳಿಸದಿರುವುದು, ಈ ಎರಡೂ ಠರಾವಿನ ಮೂಲಕವೇ ಆಗಬೇಕು. ಬಾಯಿಮಾತಿನ ಭರವಸೆಯನ್ನು ನಂಬಿ ಯಾರೂ ಜ್ವರವನ್ನು ಹೇಳಿಕೊಳ್ಳಲಾರರು.

ಇಲ್ಲಿಯೇ ಕರದ ಪ್ರಶ್ನೆ ಎದುರಾಗುತ್ತದೆ. ದುಡಿಮೆ ನಿಂತ ಮನೆಗಳ ಮುಂದೆ ರಸೀದಿ ಪುಸ್ತಕ ಹಿಡಿದು ನಿಲ್ಲುವುದು ಕರವಸೂಲಿಗಾರನಿಗೂ ಸುಲಭವಾಗಿರಲಿಲ್ಲ. ವಸೂಲಿ ಕುಸಿದರೆ ಸ್ವಂತ ಸಂಪನ್ಮೂಲ ಬತ್ತುತ್ತದೆ, ಅದು ಬತ್ತಿದರೆ ಸಿಬ್ಬಂದಿಯ ವೇತನಕ್ಕೆ ಪೆಟ್ಟು ಬೀಳುತ್ತದೆ. ನಿಜವಾಗಿ ಕಷ್ಟದಲ್ಲಿರುವ ಮನೆಗೆ ಕಂತು ಮಾಡಿಕೊಡಬಹುದು. ಆದರೆ ಪ್ರಚಾರದ ವೇಳೆ ಕರ ಕೇಳಲು ಯಾರೂ ಬರದಂತೆ ನೋಡಿಕೊಳ್ಳುತ್ತೇವೆ ಎಂದು ಮಾತು ಕೊಟ್ಟವರು ಇದ್ದರೆ, ಆ ಮಾತಿನ ಬೆಲೆಯನ್ನು ತೆರುವವರು ವಾಟರ್‌ಮನ್ ಮತ್ತು ಸ್ವಚ್ಛತಾಗಾರರು. ಅನುಕೂಲವಿರುವ ಮನೆಗಳ ಬಾಕಿಗೆ ಸದಸ್ಯರೇ ಕರವಸೂಲಿಗಾರನ ಜೊತೆ ಒಂದು ದಿನ ನಡೆದುಹೋದರೆ ಮಾತು ಬೇರೆಯಾಗುತ್ತದೆ. ಸದಸ್ಯರ ಮನೆಯ ಕರ ಮೊದಲು ಪಾವತಿಯಾಗಿರಬೇಕು ಎಂದು ಬೇರೆ ಹೇಳಬೇಕಿಲ್ಲ.

ಸ್ವಚ್ಛತಾಗಾರರ ಕೈಗಳನ್ನು ಒಮ್ಮೆ ನೋಡಬೇಕು. ಚಳಿಗೆ ಒಡೆದ ಚರ್ಮಕ್ಕೆ ಬ್ಲೀಚಿಂಗ್ ಪುಡಿ ತಾಗಿದರೆ ಉರಿ ತಡೆಯಲಾಗದು. ಶೇ 1ರ ದ್ರಾವಣಕ್ಕೆ 1 ಲೀಟರ್ ನೀರಿಗೆ ಸುಮಾರು 30 ಗ್ರಾಂ ಪುಡಿ ಸಾಕು. ಹೆಚ್ಚು ಹಾಕಿದರೆ ಹೆಚ್ಚು ಶುದ್ಧಿಯಾಗುತ್ತದೆಂಬ ಒತ್ತಾಯ ಬೇಡ. ಅದನ್ನು ಆಸಿಡ್‌ನೊಡನೆ ಬೆರೆಸಿದರೆ ವಿಷಾನಿಲ ಹುಟ್ಟುತ್ತದೆ. ರಬ್ಬರ್ ಕೈಗವಸು ಹರಿದಾಗ ಹೊಸದು ಅಂದೇ ಸಿಗಬೇಕು, ಮುಂದಿನ ಖರೀದಿಯವರೆಗೆ ಕಾಯಿಸಬಾರದು.

ಕೊರೋನಾ ಯೋಧರೆಂದು ಸಿಬ್ಬಂದಿಗೆ ಅನೇಕ ಕಡೆ ಶಾಲು ಹೊದಿಸಲಾಯಿತು. ಅದು ತಪ್ಪಲ್ಲ, ಚಳಿಗಾಲದಲ್ಲಿ ಶಾಲು ಉಪಯೋಗಕ್ಕೂ ಬರುತ್ತದೆ. ಆದರೆ ಸನ್ಮಾನ ಪಡೆದವರನ್ನೇ ಮರುದಿನ ಹೋಟೆಲ್ಲಿನ ಬಾಗಿಲಲ್ಲಿ ತಡೆದು, ಸೋಂಕಿನ ಮನೆಗೆ ಹೋಗಿ ಬಂದವರೆಂದು ಹೊರಗೆ ನಿಲ್ಲಿಸಿದ್ದೂ ಉಂಟು. ಅಂತಹ ಕಡೆ ವಾರ್ಡಿನ ಸದಸ್ಯರು ಆ ಸಿಬ್ಬಂದಿಯ ಪಕ್ಕದಲ್ಲಿ, ಅಂತರ ಕಾಯ್ದುಕೊಂಡೇ, ನಿಂತು ಚಹಾ ಕುಡಿದರೆ ಊರು ಗಮನಿಸುತ್ತದೆ.

ಪಂಚಾಯತಿಯ ಸಾಮಾನ್ಯ ಸಭೆ ಕನಿಷ್ಠ ಎರಡು ತಿಂಗಳಿಗೊಮ್ಮೆ ಸೇರಲೇಬೇಕು. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಬದಲಿ ಸಿಬ್ಬಂದಿಯ ಹೆಸರುಗಳು, ಅವರ ಕೂಲಿ, ಅನಾರೋಗ್ಯದ ಅವಧಿಯ ವೇತನ ಹಾಗೂ ಬಾಕಿ ವೇತನದ ವಿಷಯಗಳನ್ನು ಸೇರಿಸಲು ಅಧ್ಯಕ್ಷರನ್ನು ಕೋರಬಹುದು. ಆ ವಿಷಯ ಬಂದಾಗ ವಾಟರ್‌ಮನ್ ಮತ್ತು ಸ್ವಚ್ಛತಾಗಾರರನ್ನೂ ಸಭೆಗೆ ಕರೆಯಿಸಿ, ಕುರ್ಚಿ ಕೊಟ್ಟು, ಅವರು ಹೇಳುವುದನ್ನು ಮೊದಲು ಕೇಳುವುದು ಒಳ್ಳೆಯದು.