ಡಾಡ್ಜ್ ನಗರದ ಮಾರ್ಷಲ್, ಗೋಪಿನಾಥಂನ ಅಧಿಕಾರಿ
(ನಮ್ಮ ಉಚಿತ ವಾಚನಾಲಯದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ಭಾಷಣದ ವಿಷಯವನ್ನು ವಾಚನಾಲಯದ ಫಲಕದ ಮೇಲೆ ಬರೆದ ದಿನವೇ ಹಿರಿಯ ಸದಸ್ಯರೊಬ್ಬರು, "ಕುಮಾರವ್ಯಾಸನನ್ನು ಬಿಟ್ಟು ಕುದುರೆ ಸವಾರರ ಕಥೆಯೇ?" ಎಂದು ಕೇಳಿದರು. ಕೇಳತಕ್ಕ ಮಾತೇ ಸರಿ. ಆದರೆ ಮಾನೇಸರಿನ ನಮ್ಮ ಹುಡುಗರು ಎರಡನೆಯ ಪಾಳಿ ಮುಗಿಸಿ ಕೋಣೆಗೆ ಬಂದು, ಅನ್ನ ಬೇಯುವಷ್ಟು ಹೊತ್ತು ಮೊಬೈಲಿನಲ್ಲಿ ನೋಡುವುದು ಏನನ್ನು ಎಂಬುದು ನಮಗೆ ಗೊತ್ತು. ಅಮೆರಿಕದ ಹಳೆಯ ದೂರದರ್ಶನ ಧಾರಾವಾಹಿಗಳು ಈಗ ಪುಕ್ಕಟೆಯಾಗಿ ಸಿಕ್ಕುತ್ತವೆ. ಅರ್ಧ ಗಂಟೆಯಲ್ಲಿ ಕಳ್ಳ ಬರುತ್ತಾನೆ, ಮಾರ್ಷಲ್ ಬೆನ್ನಟ್ಟುತ್ತಾನೆ, ಒಂದು ಗುಂಡು, ಕಥೆ ಮುಗಿಯಿತು. ಅದೇ ಹುಡುಗರು ಮರುದಿನ ನಮ್ಮ ಮೇಜಿನ ಮೇಲಿನ ಪತ್ರಿಕೆಯಲ್ಲಿ ಎಲ್ಲಿಯೋ ಒಬ್ಬ ಆರೋಪಿಯನ್ನು ಪೊಲೀಸರು ಎನ್‌ಕೌಂಟರಿನಲ್ಲಿ ಕೊಂದರೆಂಬ ಸುದ್ದಿಯನ್ನೋದಿ, "ಹೀಗೇ ಆಗಬೇಕು, ಕೋರ್ಟು ಗೀರ್ಟು ಎಲ್ಲ ಯಾಕೆ?" ಎನ್ನುತ್ತಾರೆ. ಹುಡುಗರು ಮಾತ್ರವೇ ಅಲ್ಲ, ತಲೆ ನರೆತವರೂ ತಲೆಯಾಡಿಸಿದ್ದುಂಟು. ಆದುದರಿಂದ ಈ ಕಥೆಗಳನ್ನು ಸ್ವಲ್ಪ ಹತ್ತಿರದಿಂದ ನೋಡೋಣ ಎಂದುಕೊಂಡೆವು.

ಈ ಜಾತಿಯ ಕಥೆಗಳಿಗೆ 'ವೆಸ್ಟರ್ನ್' ಎಂದು ಹೆಸರು. ಅಮೆರಿಕದ ಪಶ್ಚಿಮ ಸೀಮೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ದನಗಳ ವ್ಯಾಪಾರ, ಹೊಸ ರೈಲು ದಾರಿ, ಹೊಸ ಊರುಗಳು ಬೆಳೆದ ಕಾಲ ಇವುಗಳ ಹಿನ್ನೆಲೆ. ಅವುಗಳಲ್ಲಿ ದೀರ್ಘಾಯುವಾದುದು 'ಗನ್‌ಸ್ಮೋಕ್'. ೧೯೫೨ರಲ್ಲಿ ರೇಡಿಯೋ ನಾಟಕವಾಗಿ ಹುಟ್ಟಿ, ೧೯೫೫ರಲ್ಲಿ ದೂರದರ್ಶನಕ್ಕೆ ಬಂದು, ೧೯೭೫ರ ತನಕ ಇಪ್ಪತ್ತು ವರ್ಷ ನಡೆಯಿತು. ಒಟ್ಟು ೬೩೫ ಕಂತುಗಳು. ಕಾನ್ಸಾಸ್ ಪ್ರಾಂತದ ಡಾಡ್ಜ್ ಎಂಬ ಊರಿನ ಮಾರ್ಷಲ್ ಮ್ಯಾಟ್ ಡಿಲನ್ ಇದರ ನಾಯಕ. ಪಾತ್ರ ವಹಿಸಿದವರು ಜೇಮ್ಸ್ ಆರ್ನೆಸ್ ಎಂಬ ಆಜಾನುಬಾಹು. ಮಾರ್ಷಲ್ ಎಂದರೆ ನಮ್ಮ ಲೆಕ್ಕದಲ್ಲಿ ಊರಿನ ಇನ್‌ಸ್ಪೆಕ್ಟರು ಎನ್ನಬಹುದು. ೧೯೫೯ರಲ್ಲಿ, ಎಂದರೆ ನಮ್ಮ ದೆಹಲಿಯಲ್ಲಿ ದೂರದರ್ಶನದ ಪ್ರಯೋಗ ಆಗತಾನೆ ಶುರುವಾದ ವರ್ಷ, ಅಲ್ಲಿ ಇಂಥ ಸುಮಾರು ಮೂವತ್ತು ಧಾರಾವಾಹಿಗಳು ಏಕಕಾಲಕ್ಕೆ ನಡೆಯುತ್ತಿದ್ದವು. ವಾರದ ಏಳು ದಿನವೂ ಮನೆಯೊಳಗೆ ಬಂದೂಕಿನ ಸದ್ದು!

ಗನ್‌ಸ್ಮೋಕಿನ ಮೊದಲ ವರ್ಷಗಳ ಕಂತುಗಳನ್ನು ನೋಡಿದವರು ಒಂದನ್ನು ಗಮನಿಸಿರಬಹುದು. ಅನೇಕ ಕಂತುಗಳ ಆರಂಭದಲ್ಲಿ ಡಿಲನ್ ಊರಾಚೆಯ ಗೋರಿಗಳ ಗುಡ್ಡದಲ್ಲಿ ಒಬ್ಬನೇ ಓಡಾಡುತ್ತಾ, ಇಲ್ಲಿ ಮಲಗಿರುವವರು ಹೇಗೆ ಸತ್ತರು ಎಂದು ಯೋಚಿಸುತ್ತಾನೆ. ಬಂದೂಕಿನಿಂದ ಬದುಕುವವನ ಕಥೆಯನ್ನು ಸ್ಮಶಾನದಿಂದ ಪ್ರಾರಂಭಿಸಿದರಲ್ಲ, ಅದನ್ನು ಬರೆದವರು ದಡ್ಡರಲ್ಲ. ನಮ್ಮ ಹುಡುಗರು ಮಾತ್ರ ಆ ಭಾಗವನ್ನು ಬೆರಳಿನಿಂದ ಮುಂದಕ್ಕೆ ಓಡಿಸಿಬಿಡುತ್ತಾರೆ.

ಇನ್ನೊಂದು 'ಲೋನ್ ರೇಂಜರ್'. ೧೯೪೯ರಿಂದ ೧೯೫೭ರವರೆಗೆ ದೂರದರ್ಶನದಲ್ಲಿ ನಡೆಯಿತು. ಆರು ಜನ ರೇಂಜರುಗಳನ್ನು ದರೋಡೆಕೋರರು ಕಣಿವೆಯಲ್ಲಿ ಹೊಂಚುಹಾಕಿ ಕೊಲ್ಲಲೆತ್ನಿಸುತ್ತಾರೆ. ಬದುಕಿ ಉಳಿದ ಒಬ್ಬ, ಮುಖಕ್ಕೆ ಮುಸುಕು ಕಟ್ಟಿ ದುಷ್ಟರನ್ನು ಹಿಡಿಯುತ್ತಾ ಹೋಗುತ್ತಾನೆ. ಇವನಿಗೆ ಬರೆದವರು ಹಾಕಿಕೊಟ್ಟ ಕಟ್ಟಳೆಯೆಂದರೆ ಕೊಲ್ಲುವುದಕ್ಕಾಗಿ ಗುಂಡು ಹಾರಿಸತಕ್ಕದ್ದಲ್ಲ, ಕೈಯ ಆಯುಧವನ್ನು ಬೀಳಿಸಿದರೆ ಸಾಕು. ಮಕ್ಕಳ ಕಥೆ ಎಂದು ನಗಬಹುದು. ಆದರೆ ಹಿಡಿದವನನ್ನು ಠಾಣೆಗೆ ಒಪ್ಪಿಸಿ ತಾನು ಹೊರಟುಹೋಗುವ ನಾಯಕ ಅವನು, ಅದನ್ನು ಮರೆಯಬಾರದು.

ಕಥೆಯಿಂದ ನಿಜದ ಮನುಷ್ಯರ ಕಡೆಗೆ ಬಂದರೆ ವ್ಯವಹಾರ ಇಷ್ಟು ಸಲೀಸಲ್ಲ. ವ್ಯಾಟ್ ಅರ್ಪ್ ಎಂಬ ಹೆಸರು ಕೇಳಿರುತ್ತೀರಿ. ೧೯೫೫ರಿಂದ ೧೯೬೧ರವರೆಗೆ ಅವನ ಹೆಸರಿನ ಧಾರಾವಾಹಿ ನಡೆದು, ಅವನು ಕಳಂಕವಿಲ್ಲದ ವೀರನಾದ. ನಡೆದುದು ಇದು: ೧೮೮೧ರ ಅಕ್ಟೋಬರ್ ೨೬ರಂದು ಅರಿಜೋನಾದ ಟೂಂಬ್‌ಸ್ಟೋನ್ ಎಂಬ ಗಣಿಯೂರಿನಲ್ಲಿ, ಊರೊಳಗೆ ಆಯುಧ ಹಿಡಿದು ತಿರುಗಬಾರದೆಂಬ ಕಟ್ಟಳೆಯ ಹೆಸರಿನಲ್ಲಿ, ಅರ್ಪ್ ಸಹೋದರರು ಎದುರಾಳಿಗಳನ್ನು ಎದುರಿಸಿದರು. ಸುಮಾರು ಮೂವತ್ತು ಸೆಕೆಂಡು ಗುಂಡು ಹಾರಿತು, ಮೂವರು ಸತ್ತರು. ದೂರದರ್ಶನದಲ್ಲಾದರೆ ಅಲ್ಲಿಗೆ ಸಂಗೀತ ಮೊಳಗಬೇಕು. ಟೂಂಬ್‌ಸ್ಟೋನಿನಲ್ಲಿ ಮೊಳಗಲಿಲ್ಲ. ಪದಕ ಧರಿಸಿದ್ದ ಆ ಮನುಷ್ಯರ ಮೇಲೆಯೇ ಕೊಲೆಯ ದೂರು ದಾಖಲಾಗಿ, ವೆಲ್ಸ್ ಸ್ಪೈಸರ್ ಎಂಬ ನ್ಯಾಯಾಧಿಕಾರಿಯ ಮುಂದೆ ಸುಮಾರು ಒಂದು ತಿಂಗಳು ವಿಚಾರಣೆ ನಡೆಯಿತು. ಸಾಕ್ಷ್ಯ ಸಾಲದೆಂದು ಬಿಡುಗಡೆಯಾಯಿತು. ಮುಂದಿನ ಮಾರ್ಚಿನಲ್ಲಿ ತಮ್ಮ ಮಾರ್ಗನ್ ಕೊಲೆಯಾದಾಗ ವ್ಯಾಟ್ ನ್ಯಾಯಾಲಯವನ್ನು ಕಾಯಲಿಲ್ಲ. ತಾನೇ ಹುಡುಕಿ ಹುಡುಕಿ ಕೊಂದ. ಆಗ ಅವನ ಮೇಲೆಯೇ ವಾರಂಟು ಹೊರಟು, ಅರಿಜೋನಾ ಬಿಟ್ಟು ಓಡಿಹೋದ. ಕಳ್ಳನನ್ನು ಅಟ್ಟಿದವನು ತಾನೇ ಅಟ್ಟಿಸಿಕೊಳ್ಳುವವನಾದುದಕ್ಕೆ ಆರು ತಿಂಗಳೂ ಬೇಕಾಗಲಿಲ್ಲ.

ನಮಗೆ ಹೆಚ್ಚು ಹಿಡಿಸಿದವನು ಬಾಸ್ ರೀವ್ಸ್. ಗುಲಾಮನಾಗಿ ಹುಟ್ಟಿದ ಕರಿಯ ಮನುಷ್ಯ. ೧೮೭೫ರಲ್ಲಿ ಡೆಪ್ಯುಟಿ ಮಾರ್ಷಲ್ ಆಗಿ, ಈಗಿನ ಓಕ್ಲಹೋಮ ಸೀಮೆಯಲ್ಲಿ ಮೂವತ್ತು ವರ್ಷಕ್ಕೆ ಮಿಕ್ಕಿ ದುಡಿದ. ಓದು ಬರಹ ಬಾರದು. ವಾರಂಟನ್ನು ಇನ್ನೊಬ್ಬರಿಂದ ಓದಿಸಿ ಬಾಯಿಪಾಠ ಮಾಡಿಕೊಂಡು ಹೊರಡುತ್ತಿದ್ದನಂತೆ. ಯಾವ ಕಾಗದ ಯಾರದೆಂದು ತಪ್ಪುತ್ತಿರಲಿಲ್ಲ. ಓದುಬರಹ ಬಲ್ಲ ನಾವೇ ಎಷ್ಟು ಕಾಗದಗಳನ್ನು ಪೂರ್ತಿ ಓದಿ ಸಹಿ ಹಾಕುತ್ತೇವೆ, ಹೇಳಿ? ತನ್ನ ಅಡುಗೆಯವನನ್ನು ಕೊಂದ ಆರೋಪದ ಮೇಲೆ ಸ್ವತಃ ರೀವ್ಸನೇ ಕಟಕಟೆ ಹತ್ತಿ, ೧೮೮೭ರಲ್ಲಿ ಬಿಡುಗಡೆಯಾಗಿ, ಮತ್ತೆ ಅದೇ ಕೆಲಸಕ್ಕೆ ಮರಳಿದ. ಮುಂದೆ ತನ್ನ ಸ್ವಂತ ಮಗ ಹೆಂಡತಿಯನ್ನು ಕೊಂದಾಗ ಆ ಮಗನ ವಾರಂಟನ್ನೂ ತಾನೇ ಕೇಳಿ ಪಡೆದು, ಹಿಡಿದು ತಂದ. ಇಂಥವನನ್ನು ಐವತ್ತು ಅರವತ್ತರ ದಶಕದ ಆ ಮೂವತ್ತು ಚಿಲ್ಲರೆ ಧಾರಾವಾಹಿಗಳಲ್ಲಿ ಒಂದಾದರೂ ನಾಯಕನನ್ನಾಗಿ ಮಾಡಲಿಲ್ಲ. ಅವನ ಹೆಸರಿನ ಧಾರಾವಾಹಿ ಬರಲು ೨೦೨೩ನೇ ಇಸವಿ ಆಗಬೇಕಾಯಿತು.

ಈಗ ನಮ್ಮ ನಾಡಿಗೆ ಬರೋಣ. ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗುವವರು ರಾಮನಗರದ ಬಂಡೆಗಳನ್ನು ಕಿಟಕಿಯಿಂದ ನೋಡಿಯೇ ಇರುತ್ತೀರಿ. ೧೯೭೩ರ ಅಕ್ಟೋಬರಿನಲ್ಲಿ ಬೊಂಬಾಯಿಯಿಂದ ಬಂದ ರಮೇಶ್ ಸಿಪ್ಪಿಯವರ ತಂಡ ಅಲ್ಲಿ ಒಂದು ಸುಳ್ಳು ಹಳ್ಳಿಯನ್ನೇ ಕಟ್ಟಿ 'ಶೋಲೆ' ಚಿತ್ರದ ಚಿತ್ರೀಕರಣ ಆರಂಭಿಸಿತು. ಅಮೆರಿಕದ ಪಶ್ಚಿಮ ಸೀಮೆಯ ಕಥೆಯನ್ನು ನಮ್ಮ ಕಲ್ಲುಗುಡ್ಡಕ್ಕೆ ತಂದು ನಿಲ್ಲಿಸಿದ ಚಿತ್ರ ಅದು. ಹಿಂದಿ ಬಾರದ ನಮ್ಮ ತಾಯಂದಿರಿಗೂ ಗಬ್ಬರ್ ಸಿಂಗ್ ಗೊತ್ತು.

ಅದರ ಕಥೆಯ ಗಂಟು ಎಲ್ಲಿದೆ ನೋಡಿ. ಠಾಕೂರ್ ಪೊಲೀಸ್ ಅಧಿಕಾರಿಯಾಗಿದ್ದಾಗ ಗಬ್ಬರನನ್ನು ಹಿಡಿದು ಸೆರೆಗೆ ಹಾಕಿಸಿದ. ಗಬ್ಬರ್ ತಪ್ಪಿಸಿಕೊಂಡು ಬಂದು ಅವನ ಮನೆಯವರನ್ನು ಕೊಂದು, ಅವನ ಎರಡು ತೋಳನ್ನೂ ಕತ್ತರಿಸಿದ. ಕೊನೆಯಲ್ಲಿ ಗಬ್ಬರ್ ಅವನ ಕಾಲಡಿ ಸಿಕ್ಕುತ್ತಾನೆ. ಮೊದಲು ಚಿತ್ರೀಕರಿಸಿದ ಮುಕ್ತಾಯದಲ್ಲಿ ಠಾಕೂರ್ ಮೊಳೆ ಹೊಡೆದ ಪಾದರಕ್ಷೆಯಿಂದ ಅವನನ್ನು ತುಳಿದು ಕೊಲ್ಲುತ್ತಾನೆ. ಸೆನ್ಸಾರಿನವರು ಒಪ್ಪಲಿಲ್ಲ: ಪೊಲೀಸ್ ಅಧಿಕಾರಿಯಾಗಿದ್ದವನು ಕಾನೂನನ್ನು ಕೈಗೆ ತೆಗೆದುಕೊಳ್ಳುವುದನ್ನು ತೋರಿಸಕೂಡದು. ಬೇರೆ ಮುಕ್ತಾಯ ತೆಗೆಯಬೇಕಾಯಿತು. ಕಡೆಯ ಗಳಿಗೆಯಲ್ಲಿ ಪೊಲೀಸರು ಬಂದು ಠಾಕೂರನನ್ನು ತಡೆದು ಗಬ್ಬರನನ್ನು ಒಯ್ಯುತ್ತಾರೆ. ಹಾಗೆಯೇ ೧೯೭೫ರ ಆಗಸ್ಟ್ ೧೫ರಂದು ಚಿತ್ರ ಬಿಡುಗಡೆಯಾಯಿತು. ಹಳೆಯ ಮುಕ್ತಾಯವನ್ನು ಸೇರಿಸಿದ ಪ್ರತಿಯನ್ನು ೨೦೨೫ರಲ್ಲಿ ಇಟಲಿಯ ಬೊಲೋನ್ಯ ನಗರದ ಉತ್ಸವದಲ್ಲಿ ತೋರಿಸಿದರು.

ಇದರಲ್ಲೊಂದು ವಿಚಿತ್ರವಿದೆ. ಅದು ತುರ್ತು ಪರಿಸ್ಥಿತಿಯ ಕಾಲ. ಜೂನ್ ತಿಂಗಳಿನಿಂದ ದೇಶದಲ್ಲಿ ವಿಚಾರಣೆಯಿಲ್ಲದೆ ಸಾವಿರಾರು ಮಂದಿಯನ್ನು ಸೆರೆಯಲ್ಲಿಟ್ಟಿದ್ದರು. ಆ ಸರಕಾರದ ಸೆನ್ಸಾರು ಸಿನಿಮಾದ ದರೋಡೆಕೋರನಿಗೆ ಮಾತ್ರ ವಿಚಾರಣೆ ಬೇಕೆಂದು ಹಟ ಹಿಡಿಯಿತು! ಹೇಳಿದವರ ಬಾಯಿ ಅಷ್ಟೇನೂ ಶುದ್ಧವಾಗಿರಲಿಲ್ಲ, ನಿಜ. ಆದರೂ ಹೇಳಿದ ಮಾತು ಸರಿಯಾಗಿತ್ತೆಂದೇ ನಮ್ಮ ಅಭಿಪ್ರಾಯ.

ರಾಮನಗರದಲ್ಲಿ ನಡೆದುದು ಸಿನಿಮಾ. ಅಲ್ಲಿಂದ ದಕ್ಷಿಣಕ್ಕೆ, ಕಾವೇರಿಯ ದಡದ ಕಾಡುಗಳಲ್ಲಿ ನಡೆದುದು ಸಿನಿಮಾ ಅಲ್ಲ. ಮಲೆ ಮಹದೇಶ್ವರ ಬೆಟ್ಟದ ಆಚೆ, ತಮಿಳುನಾಡಿನ ಗಡಿಯಲ್ಲಿರುವ ಗೋಪಿನಾಥಂ ವೀರಪ್ಪನ್‌ನ ಊರು. ಆನೆಯ ದಂತ, ಶ್ರೀಗಂಧ, ಆಮೇಲೆ ನರಹತ್ಯೆ, ಅಪಹರಣ. ಕೊಳ್ಳೇಗಾಲದ ಕಡೆಯ ಸದಸ್ಯರೊಬ್ಬರು ನಮ್ಮಲ್ಲಿದ್ದಾರೆ. ಚಿಕ್ಕಂದಿನಲ್ಲಿ ಸಂಜೆಯಾದ ಮೇಲೆ ಆ ಕಾಡಿನ ದಾರಿಯಲ್ಲಿ ಬಸ್ಸು ಹತ್ತಲು ಮನೆಯವರು ಬಿಡುತ್ತಿರಲಿಲ್ಲವೆಂದು ಅವರು ಹೇಳುವುದನ್ನು ನೀವೂ ಕೇಳಿದ್ದೀರಿ. ೧೯೮೬ರಲ್ಲಿ ಒಮ್ಮೆ ಸಿಕ್ಕಿಬಿದ್ದ ವೀರಪ್ಪನ್ ವಶದಿಂದ ತಪ್ಪಿಸಿಕೊಂಡ. ಮತ್ತೆ ಅವನು ಕೈಗೆ ಸಿಕ್ಕಿದ್ದು ಹದಿನೆಂಟು ವರ್ಷದ ಮೇಲೆ, ಅದೂ ಶವವಾಗಿ.

ಅವನನ್ನು ಬೆನ್ನಟ್ಟಿದವರಲ್ಲಿ ಪಿ. ಶ್ರೀನಿವಾಸ್ ಎಂಬ ಅರಣ್ಯಾಧಿಕಾರಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಭಾರತೀಯ ಅರಣ್ಯ ಸೇವೆಯವರು, ಆಂಧ್ರದ ಕಡೆಯವರು. ಇವರು ಗೋಪಿನಾಥಂಗೆ ಹೋಗಿ ಮಾಡಿದ ಕೆಲಸ ಯಾವ ಧಾರಾವಾಹಿಯ ಮಾರ್ಷಲನೂ ಮಾಡದ್ದು. ಕಳ್ಳನ ಊರಿಗೇ ಹೋಗಿ ಅಲ್ಲಿಯ ಜನರ ನಡುವೆ ನಿಂತರು. ಕುಡಿಯುವ ನೀರು, ಔಷಧಿ, ಊರವರಿಗೆ ಒಂದು ಮಾರಿಯಮ್ಮನ ಗುಡಿ, ಇವುಗಳನ್ನು ಆಗಮಾಡಿಸಿದರು. ಕಾಡಿನಲ್ಲಿ ಅವನಿಗೆ ಅಕ್ಕಿ ಮುಟ್ಟಿಸುವವರೂ ಸುದ್ದಿ ಮುಟ್ಟಿಸುವವರೂ ಈ ಊರಿನವರೇ. ಹೊಟ್ಟೆಗೆ ಬೇರೆ ದಾರಿಯಾದರೆ ಕಾಡಿನ ದಾರಿ ತಾನಾಗಿ ಮುಚ್ಚುತ್ತದೆ ಎಂಬುದು ಅವರ ಲೆಕ್ಕ. ಲೆಕ್ಕ ಸುಳ್ಳಾಗಲಿಲ್ಲ. ಗುಂಪಿನ ಹಲವರು ಕಾಡು ಬಿಟ್ಟು ಬಂದು ಶರಣಾದರು. ವೀರಪ್ಪನ್‌ಗೆ ಬಂದೂಕಿಗಿಂತ ಹೆಚ್ಚಿನ ಭಯ ಹುಟ್ಟಿಸಿದ್ದು ಇದೇ ಇರಬೇಕು. ತಾನೂ ಶರಣಾಗುವೆನೆಂದು ಹೇಳಿ ಕಳುಹಿಸಿದ. ಶ್ರೀನಿವಾಸರು ನಂಬಿದರು, ಆಯುಧವಿಲ್ಲದೆ ಹೋದರು. ೧೯೯೧ರ ನವೆಂಬರ್ ೧೦ರಂದು ಅವರನ್ನು ಕೊಂದು ತಲೆ ಕತ್ತರಿಸಿದರು. ಸರಕಾರ ಮರಣೋತ್ತರವಾಗಿ ಕೀರ್ತಿಚಕ್ರ ಕೊಟ್ಟಿತು. ಗೋಪಿನಾಥಂನ ಜನ ಅವರ ಭಾವಚಿತ್ರವನ್ನು ಇಟ್ಟುಕೊಂಡಿದ್ದಾರೆ.

"ನೋಡಿದಿರಾ, ನಂಬಿದ್ದಕ್ಕೆ ಏನಾಯಿತು!" ಎಂದು ಮೊನ್ನೆ ಒಬ್ಬರು ಕೇಳಿದರು. ಹೌದು, ಪ್ರಾಣ ಹೋಯಿತು. ಆದರೆ ನಂಬದೆ ಬಂದೂಕನ್ನೇ ನೆಚ್ಚಿದವರಿಗೆ ಏನಾಯಿತೆಂಬುದನ್ನೂ ಕೇಳಬೇಕಲ್ಲ? ೧೯೯೨ರ ಆಗಸ್ಟಿನಲ್ಲಿ ಎಸ್.ಪಿ. ಹರಿಕೃಷ್ಣ ಮತ್ತು ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಮಿಣ್ಯದ ಹತ್ತಿರ ಹೊಂಚಿಗೆ ಬಲಿಯಾದರು. ತಮಿಳುನಾಡಿನ ಗೋಪಾಲಕೃಷ್ಣನ್ ಎಂಬ ಧೀರ ಅಧಿಕಾರಿಗೆ ಜನ 'ರ‍್ಯಾಂಬೋ' ಎಂದು ಸಿನಿಮಾ ನಾಯಕನ ಹೆಸರನ್ನೇ ಇಟ್ಟಿದ್ದರು. ೧೯೯೩ರ ಏಪ್ರಿಲ್ ೯ರಂದು ಪಾಲಾರ್ ಬಳಿ ಅವರ ತಂಡದ ದಾರಿಯಲ್ಲಿ ನೆಲಬಾಂಬು ಸಿಡಿಯಿತು. ಅವರು ಗಾಯಗೊಂಡು ಉಳಿದರು, ಇಪ್ಪತ್ತೆರಡು ಮಂದಿ ಸತ್ತರು. ಇವರಾರ ಧೈರ್ಯವನ್ನೂ ನಾವು ಕಡಿಮೆ ಮಾಡುತ್ತಿಲ್ಲ. ಶೌರ್ಯವಿದ್ದಲ್ಲಿ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆಂಬುದು ದೂರದರ್ಶನದ ಮಾತು ಎಂದಷ್ಟೇ ಹೇಳುತ್ತಿದ್ದೇವೆ.

ಆಮೇಲೆ ನಡೆದುದರಲ್ಲಿ ಪತ್ರಿಕೆಗಳು ದಪ್ಪಕ್ಷರದಲ್ಲಿ ಹಾಕದ ಒಂದು ಭಾಗವಿದೆ. ವೀರಪ್ಪನ್‌ಗೆ ನೆರವಾದರೆಂಬ ಸಂಶಯದ ಮೇಲೆ ಆ ಬೆಟ್ಟದ ಹಳ್ಳಿಗಳ ನೂರಾರು ಬಡವರನ್ನು ಹಿಡಿದರು. ಟಾಡಾ ಕಾನೂನಿನ ಕೆಳಗೆ ವರ್ಷಗಟ್ಟಲೆ ಮೈಸೂರಿನ ಸೆರೆಮನೆಯಲ್ಲಿದ್ದವರ ಪೈಕಿ ನೂರಕ್ಕೂ ಮೇಲ್ಪಟ್ಟು ಜನರನ್ನು ೨೦೦೧ರಲ್ಲಿ ನ್ಯಾಯಾಲಯ ನಿರ್ದೋಷಿಗಳೆಂದು ಬಿಟ್ಟಿತು. ಹಳ್ಳಿಗರ ಮೇಲೆ ಹಿಂಸೆ ನಡೆದುದರ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಿತು. ಮುಂದೆ ನೊಂದವರಿಗೆ ಪರಿಹಾರ ಕೊಡಬೇಕೆಂದೂ ಹೇಳಿತು. "ಕೋರ್ಟು ಗೀರ್ಟು ಯಾಕೆ" ಎಂದು ಕೇಳುವ ಗೆಳೆಯರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಕೋರ್ಟು ಇಲ್ಲದೆ ಹೋಗಿದ್ದರೆ ಆ ನೂರು ಜನ ಇಂದಿಗೂ ವೀರಪ್ಪನ್‌ನ ಬಂಟರೇ ಆಗಿರುತ್ತಿದ್ದರು. ಅವರಲ್ಲಿ ಯಾರನ್ನಾದರೂ ಕಾಡಿನಲ್ಲಿ ಗುಂಡಿಟ್ಟು ಕೊಂದಿದ್ದರೆ, ನಾವು ಇಲ್ಲಿ ಪತ್ರಿಕೆ ಓದಿ ತಲೆಯಾಡಿಸುತ್ತಿದ್ದೆವು.

೧೯೭೩ರ 'ಗಂಧದ ಗುಡಿ'ಯಲ್ಲಿ ಕಾಡು ಕಾಯುವ ಅಧಿಕಾರಿಯಾಗಿ ನಟಿಸಿದ ರಾಜಕುಮಾರರನ್ನೇ ೨೦೦೦ದ ಜುಲೈ ೩೦ರ ರಾತ್ರಿ ಗಾಜನೂರಿನಿಂದ ಈ ಗಂಧದ ಕಳ್ಳ ಹೊತ್ತೊಯ್ದುದು, ನೂರೆಂಟು ದಿನ ನಾಡು ಉಸಿರು ಬಿಗಿಹಿಡಿದು ಕುಳಿತುದು, ಇದನ್ನೆಲ್ಲ ವಿವರಿಸಬೇಕಾಗಿಲ್ಲ. ಮಾಜಿ ಮಂತ್ರಿ ನಾಗಪ್ಪನವರು ೨೦೦೨ರಲ್ಲಿ ಅಪಹರಣವಾಗಿ ಜೀವಂತ ಮರಳಲೇ ಇಲ್ಲ. ೨೦೦೪ರ ಅಕ್ಟೋಬರ್ ೧೮ರ ರಾತ್ರಿ ತಮಿಳುನಾಡಿನ ಪಡೆ ಆಂಬ್ಯುಲೆನ್ಸಿನ ವೇಷದ ವಾಹನದಲ್ಲಿ ಅವನನ್ನು ಕಾಡಿನಿಂದ ಹೊರಕ್ಕೆ ತರಿಸಿ ಧರ್ಮಪುರಿ ಜಿಲ್ಲೆಯಲ್ಲಿ ಕೊಂದಿತು. ಅವನು ಗುಂಡು ಹಾರಿಸಿದನೆಂದೂ ಬೇರೆ ದಾರಿಯಿರಲಿಲ್ಲವೆಂದೂ ಪಡೆಯವರ ಹೇಳಿಕೆ. ನಾಡು ನಿಟ್ಟುಸಿರು ಬಿಟ್ಟಿತು, ನಾವೂ ಬಿಟ್ಟೆವು. ಆದರೆ ಅವನಿಂದ ದಂತ ಕೊಂಡವರು ಯಾರು, ಗಂಧದ ಹಣ ಯಾವ ಯಾವ ಮನೆ ಸೇರಿತು, ಈ ಪ್ರಶ್ನೆಗಳಿಗೆ ಕಟಕಟೆಯಲ್ಲಿ ನಿಂತು ಉತ್ತರ ಹೇಳಬಹುದಾಗಿದ್ದ ಒಂದೇ ಬಾಯಿ ಅಂದು ಮುಚ್ಚಿತು.

ರಾಷ್ಟ್ರೀಯ ಭದ್ರತಾ ಪಡೆಯ ಕೇಂದ್ರ ಇದೇ ಮಾನೇಸರಿನಲ್ಲಿರುವುದರಿಂದ ನಮ್ಮ ಮಕ್ಕಳಿಗೆ ಬಂದೂಕಿನವರ ಮೇಲೆ ಸಹಜವಾಗಿ ಪ್ರೀತಿಯಿದೆ. ಇರಲಿ, ಬೇಡವೆನ್ನುವುದಿಲ್ಲ. ಡಿಲನ್‌ನ ಕಥೆಯನ್ನೂ ನೋಡಲಿ. ಜೊತೆಗೆ ಶ್ರೀನಿವಾಸರ ಹೆಸರನ್ನೂ ಅವರಿಗೆ ಹೇಳಿ ಎಂಬುದು ನಮ್ಮ ಅರಿಕೆ. ದೀಪಾವಳಿಗೆ ಊರಿಗೆ ಹೋಗುವವರು ಮಹದೇಶ್ವರನ ದರ್ಶನ ಮಾಡುವುದುಂಟಷ್ಟೆ. ಬೆಟ್ಟದಿಂದ ಹೊಗೇನಕಲ್ ಜಲಪಾತದ ಕಡೆಗೆ ಹೋಗುವ ದಾರಿ ಹಿಡಿದರೆ ಗೋಪಿನಾಥಂ ಸಿಕ್ಕುತ್ತದೆ. ಊರಿನಲ್ಲಿ ಯಾರನ್ನು ಕೇಳಿದರೂ ಆ ಗುಡಿಯನ್ನು ತೋರಿಸುತ್ತಾರೆ.