ಕೊಳದ ನೀರು ತಿಳಿಯಾದಾಗ ಮೊದಲು ಉಪ್ಪು ಅಳೆಯಿರಿ

(ಕುಮಟಾ ತಾಲ್ಲೂಕಿನ ಗಜನಿ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಅಘನಾಶಿನಿ ದಂಡೆಯ ಗಜನಿಯ ವಿಷಯ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಮಳೆಗಾಲದಲ್ಲಿ ಕಗ್ಗ ಭತ್ತ, ಕೊಯ್ಲಿನ ನಂತರ ಸೀಗಡಿ ಮತ್ತು ಮೀನು. ಇದು ನಿಮ್ಮ ಹಿರಿಯರು ಕಂಡುಕೊಂಡ ಪದ್ಧತಿ. ಇಂದು ನಾನು ಹೇಳಹೊರಟಿರುವುದು ಕಣ್ಣಿಗೆ ಬಿಡಿಬಿಡಿಯಾಗಿ ಕಾಣದ ಇನ್ನೊಂದು ಬೆಳೆಯ ಬಗ್ಗೆ. ಅದೇ ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿ.

ದನಕ್ಕೆ ಹುಲ್ಲುಗಾವಲು ಹೇಗೋ ಸೀಗಡಿ ಕೊಳಕ್ಕೆ ಈ ಪಾಚಿ ಹಾಗೆ. ಸಣ್ಣ ಜಲಜೀವಿಗಳು ಇದನ್ನು ತಿನ್ನುತ್ತವೆ, ಅವುಗಳನ್ನು ಸೀಗಡಿ ಮರಿ ತಿನ್ನುತ್ತದೆ. ಹಗಲಿನಲ್ಲಿ ಪಾಚಿ ನೀರಿಗೆ ಆಮ್ಲಜನಕ ಕೊಡುತ್ತದೆ. ರಾತ್ರಿ ತಾನೂ ಉಸಿರಾಡಿ ಅದನ್ನು ಬಳಸುತ್ತದೆ. ಆದ್ದರಿಂದಲೇ ಬೆಳಗಿನ ಜಾವ ಕೊಳದಲ್ಲಿ ಆಮ್ಲಜನಕ ಅತಿ ಕಡಿಮೆ ಇರುತ್ತದೆ.

ನೀರು ತಿಳಿಯಾಯಿತೆಂದರೆ ಪಾಚಿ ಕಡಿಮೆಯಾಯಿತೆಂದು ಅರ್ಥ. ಕೂಡಲೇ ಗೊಬ್ಬರದ ಚೀಲ ಬಿಚ್ಚುವುದು ನಮ್ಮ ರೂಢಿ. ಈ ವಿಷಯದಲ್ಲಿ ನಾನೇ ಒಮ್ಮೆ ತಪ್ಪಿದ್ದೇನೆ. ಮೊದಲ ಮಳೆ ಜೋರಾಗಿ ಸುರಿದ ಎರಡು ದಿನಗಳ ನಂತರ ಒಬ್ಬ ರೈತರ ಕೊಳ ನೋಡಲು ಹೋಗಿದ್ದೆ. ಕಂದು ಬಣ್ಣದ ನೀರು ತಿಳಿಯಾಗಿತ್ತು. ಗೊಬ್ಬರ ಸಾಲದೆಂದು ತಿಳಿದು ಯೂರಿಯಾ ಹಾಕಿಸಿದೆ. ವಾರ ಕಳೆಯುವುದರೊಳಗೆ ನೀರಿನ ಮೇಲೆ ಹಸಿರು ಕೆನೆ ಕಟ್ಟಿತು. ಮೋಡ ಮುಸುಕಿದ ಒಂದು ರಾತ್ರಿಯ ಮಾರನೆಯ ಬೆಳಿಗ್ಗೆ ಸೀಗಡಿಗಳು ದಡಕ್ಕೆ ಬಂದು ತೇಲುತ್ತಿದ್ದವು. ಉಳಿದ ಸಣ್ಣ ಸೀಗಡಿಯನ್ನು ಆ ರೈತರು ಸಿಕ್ಕಿದ ಬೆಲೆಗೆ ಮಾರಬೇಕಾಯಿತು.

ತಪ್ಪಾದದ್ದು ಎಲ್ಲಿ? ಆ ಪಾಚಿ ಹಸಿವಿನಿಂದ ಸತ್ತಿರಲಿಲ್ಲ, ಉಪ್ಪು ಇಳಿದು ಸತ್ತಿತ್ತು.

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಬೇಸಿಗೆಯಲ್ಲಿ ಅಳಿವೆಯ ನೀರು ಇದರ ಸಮೀಪಕ್ಕೆ ಬರುತ್ತದೆ. ಮಳೆಗಾಲದ ನೆರೆಯಲ್ಲಿ ಹೆಚ್ಚುಕಡಿಮೆ ಸಿಹಿಯಾಗುತ್ತದೆ. ಪಾಚಿಯ ಕೋಶ ಹೊರಗಿನ ಉಪ್ಪಿಗೆ ತಕ್ಕಂತೆ ಒಳಗಿನ ಸಾರವನ್ನು ಹೊಂದಿಸಿಕೊಂಡಿರುತ್ತದೆ. ಉಪ್ಪು ಥಟ್ಟನೆ ಇಳಿದರೆ ನೀರು ಒಳನುಗ್ಗಿ ಕೋಶ ಉಬ್ಬುತ್ತದೆ. ನಿಧಾನವಾಗಿ ಇಳಿದರೆ ಅನೇಕ ಜಾತಿಗಳು ಹೊಂದಿಕೊಳ್ಳುತ್ತವೆ. ಆದರೆ ಬೆಳೆಯಲು ಬೇಕಾದ ಶಕ್ತಿಯಲ್ಲಿ ಒಂದು ಪಾಲು ಅದಕ್ಕೇ ಖರ್ಚಾಗುತ್ತದೆ. ಉಪ್ಪಿನಾಗರಗಳಲ್ಲಿ ಬೆಳೆಯುವ ಡುನಾಲಿಯೆಲ್ಲ ಎಂಬ ಪಾಚಿ ಗ್ಲಿಸರಾಲನ್ನು ತಯಾರಿಸಿಕೊಂಡು ಅತಿ ಉಪ್ಪನ್ನೂ ತಾಳುತ್ತದೆ. ಎಲ್ಲ ಪಾಚಿಗಳಿಗೂ ಈ ಸಾಮರ್ಥ್ಯವಿಲ್ಲ.

ಸತ್ತ ಪಾಚಿ ತಳ ಸೇರಿ ಕೊಳೆಯುತ್ತದೆ. ಕೊಳೆಯುವಾಗ ಆಮ್ಲಜನಕ ಖರ್ಚಾಗುತ್ತದೆ, ಅದರ ಸಾರಜನಕ ಮತ್ತು ರಂಜಕ ನೀರಿಗೆ ಮರಳುತ್ತವೆ. ಅಂದರೆ ಆಗ ನೀರಿನಲ್ಲಿ ಗೊಬ್ಬರ ಇದ್ದೇ ಇರುತ್ತದೆ. ಅದರ ಮೇಲೆ ಮತ್ತೆ ಗೊಬ್ಬರ ಹಾಕಿದರೆ ಉಪ್ಪು ಕಡಿಮೆಯಾದ ನೀರನ್ನು ಮೆಚ್ಚುವ ನೀಲಿ-ಹಸಿರು ಪಾಚಿ ಮೇಲುಗೈ ಪಡೆಯಬಹುದು. ಸೀಗಡಿಗೆ ಇದು ಒಳ್ಳೆಯ ಆಹಾರವಲ್ಲ.

ಹಾಗಾದರೆ ಗೊಬ್ಬರವೇ ಬೇಡವೇ? ಬೇಕು, ಆದರೆ ಲೆಕ್ಕದಲ್ಲಿ. ಸಮುದ್ರದ ಪ್ಲವಕಗಳಲ್ಲಿ 1 ಪರಮಾಣು ರಂಜಕಕ್ಕೆ ಸುಮಾರು 16 ಪರಮಾಣು ಸಾರಜನಕವಿರುವುದನ್ನು ಅಮೆರಿಕದ ವಿಜ್ಞಾನಿ ರೆಡ್‌ಫೀಲ್ಡ್ ತೋರಿಸಿಕೊಟ್ಟರು. ತೂಕದಲ್ಲಿ ಇದು ಸುಮಾರು 7ಕ್ಕೆ 1 ಆಗುತ್ತದೆ. 10 ಕಿಲೋ ಯೂರಿಯಾದಲ್ಲಿ 4.6 ಕಿಲೋ ಸಾರಜನಕವಿದೆ. 10 ಕಿಲೋ ಸಿಂಗಲ್ ಸೂಪರ್ ಫಾಸ್ಫೇಟಿನಲ್ಲಿ ಸುಮಾರು 0.7 ಕಿಲೋ ರಂಜಕವಿದೆ. ಆದ್ದರಿಂದ ಎರಡನ್ನೂ ಸಮತೂಕದಲ್ಲಿ ಹಾಕಿದರೆ ಪಾಚಿಗೆ ಬೇಕಾದ ಪ್ರಮಾಣಕ್ಕೆ ಹತ್ತಿರವಾಗುತ್ತದೆ. ಹುಳಿ ಮಣ್ಣಿನ ಕೊಳದಲ್ಲಿ ರಂಜಕವನ್ನು ಮಣ್ಣು ಹಿಡಿದಿಡುವುದರಿಂದ ಮೊದಲು ಸುಣ್ಣ ಹಾಕಿ ಹುಳಿ ತಗ್ಗಿಸಬೇಕು. ಸೀಗಡಿ ಕೊಳಕ್ಕೆ ಉತ್ತಮವಾದ ಕಂದು ಬಣ್ಣದ ಡಯಾಟಮ್‌ಗಳಿಗೆ ಇವೆರಡರ ಜೊತೆಗೆ ಸಿಲಿಕವೂ ಬೇಕು. ಅವುಗಳ ಚಿಪ್ಪು ಅದರಿಂದಲೇ ಆದದ್ದು. ಸೀಗಡಿ ಮರಿ ಉತ್ಪಾದನಾ ಕೇಂದ್ರಗಳಲ್ಲಿ ಕೀಟೊಸೆರಾಸ್ ಎಂಬ ಡಯಾಟಮ್ ಬೆಳೆಸುವಾಗ ಸಿಲಿಕೇಟನ್ನು ಸೇರಿಸುವುದು ಇದಕ್ಕಾಗಿಯೇ.

ಈಗ ನೀವು ಮಾಡಬೇಕಾದದ್ದು ಇಷ್ಟು:

1. ನೀರು ತಿಳಿಯಾದರೆ ಮೊದಲು ಲವಣಮಾಪಕದಿಂದ ಉಪ್ಪು ಅಳೆಯಿರಿ. ಮೇಲಿನ ನೀರನ್ನೂ ತಳದ ನೀರನ್ನೂ ಬೇರೆ ಬೇರೆ ನೋಡಿ. ಉಪ್ಪು ಹಠಾತ್ತನೆ ಇಳಿದಿದ್ದರೆ ಗೊಬ್ಬರ ಹಾಕಬೇಡಿ.

2. ಮಳೆ ನೀರು ಹಗುರ, ಉಪ್ಪು ನೀರಿನ ಮೇಲೆ ಪದರವಾಗಿ ನಿಲ್ಲುತ್ತದೆ. ತೂಬಿನ ಮೇಲಿನ ಹಲಗೆಗಳನ್ನು ತೆಗೆದು ಅದನ್ನು ಹರಿಯಬಿಡಿ. ಗಾಳಿಯಾಡಿಸುವ ಯಂತ್ರವಿದ್ದರೆ ರಾತ್ರಿ ನಡೆಸಿ.

3. ಉಪ್ಪು ಬದಲಾಗದೆ ನೀರು ತಿಳಿಯಾಗಿದ್ದರೆ ಮಾತ್ರ ಗೊಬ್ಬರ ಕೊಡಿ. ಎಕರೆಗೆ 4 ಕಿಲೋ ಯೂರಿಯಾ, 4 ಕಿಲೋ ಸೂಪರ್‌ನಿಂದ ಆರಂಭಿಸಿ, ಒಂದು ವಾರ ಕಾಯಿರಿ. ಸೂಪರನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಬಿಸಿಲಿರುವಾಗ ಚಿಮುಕಿಸಿ. ಹಾಗೇ ಎರಚಿದರೆ ಕಾಳು ಕೆಸರು ಸೇರುತ್ತದೆ.

4. 20 ಸೆಂಟಿಮೀಟರ್ ಅಗಲದ ಡಬ್ಬಿಯ ಮುಚ್ಚಳಕ್ಕೆ ಕಪ್ಪು-ಬಿಳುಪು ಬಣ್ಣ ಬಳಿದು, ಗುರುತು ಮಾಡಿದ ಹಗ್ಗಕ್ಕೆ ಕಟ್ಟಿ ನೀರಿಗೆ ಬಿಡಿ. ಅದು 30ರಿಂದ 45 ಸೆಂಟಿಮೀಟರಿನಲ್ಲಿ ಮರೆಯಾದರೆ ಪಾಚಿ ಹದವಾಗಿದೆ. 25ಕ್ಕಿಂತ ಮೊದಲೇ ಮರೆಯಾದರೆ ಗೊಬ್ಬರ ನಿಲ್ಲಿಸಿ, ಸ್ವಲ್ಪ ಸ್ವಲ್ಪವಾಗಿ ನೀರು ಬದಲಿಸಿ. ಕೆಸರು ಕದಡಿದ ನೀರಿನಲ್ಲಿ ಈ ಅಳತೆ ನಡೆಯದು.

5. ದಿನಾಂಕ, ಉಪ್ಪು, ಮುಚ್ಚಳ ಮರೆಯಾದ ಆಳ, ಹಾಕಿದ ಗೊಬ್ಬರ, ಈ ನಾಲ್ಕನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ.

ನಾನು ಹೇಳಿದ ಆ ರೈತರು ಈಗ ಇಂತಹ ಪುಸ್ತಕ ಇಟ್ಟಿದ್ದಾರೆ. ಮುಂದಿನ ಸಲ ನಾನು ಅವರ ಕೊಳಕ್ಕೆ ಹೋದಾಗ ಅವರು ಮೊದಲು ಕೈಗಿತ್ತದ್ದು ಅದನ್ನೇ. "ನೋಡಿ, ಆಮೇಲೆ ಸಲಹೆ ಕೊಡಿ" ಎಂದರು. ನಿಮ್ಮ ಕೊಳಕ್ಕೆ ಬಂದಾಗಲೂ ನೀವು ನನಗೆ ಹಾಗೆಯೇ ಹೇಳಬೇಕೆಂದು ಕೋರುತ್ತೇನೆ.