ಊರ ಮಣ್ಣಿಗೆ ಮರಳಿ ಮಾನ ತಂದ ಮೇಷ್ಟರು
(ಉತ್ಸವದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಚಿಲಮತ್ತೂರಿಗೆ ಲೇಪಾಕ್ಷಿ ಬಹು ದೂರವೇನಲ್ಲ. ಕೂರ್ಮಶೈಲವೆಂಬ ಆ ಬಂಡೆಯ ಮೇಲೆ, ವಿಜಯನಗರದ ಅಚ್ಯುತರಾಯನ ಆಳ್ವಿಕೆಯಲ್ಲಿ, ವಿರೂಪಣ್ಣನು ವೀರಭದ್ರಸ್ವಾಮಿಗೆ ಗುಡಿ ಕಟ್ಟಿಸಿದನು. ಅದರ ಕಲ್ಲು ಈ ಸೀಮೆಯದೇ. ದೇವರಿಗೆ ಊರ ಕಲ್ಲಾದರೆ, ಒಕ್ಕಲಿಗೆ ಊರ ಮಣ್ಣು. ಮಣ್ಣಿನ ಗೋಡೆ, ತೊಲೆ ಜಂತೆ, ಮೇಲೆ ಚೌಳು ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಅಷ್ಟು ತಂಪಾದ ಮನೆ ಇನ್ನೊಂದಿಲ್ಲ. ಆದರೆ ಮೂರು ದಿನ ಮಳೆ ಹಿಡಿದರೆ ಮಾಳಿಗೆ ಸೋರುವುದೂ, ಗೋಡೆಯ ಬುಡ ಕರಗುವುದೂ ಸುಳ್ಳಲ್ಲ. ಆದಕಾರಣ ಮಣ್ಣಿನ ಮನೆಯೆಂದರೆ ಬಡವರ ಮನೆ ಎಂಬ ಭಾವನೆ ಬೆಳೆಯಿತು. ಸಾಲ ಮಾಡಿಯಾದರೂ ಅದನ್ನು ಕೆಡವುವುದು ರೂಢಿಯಾಯಿತು. ಸುಟ್ಟ ಇಟ್ಟಿಗೆಯ ಗೂಡಿಗೆ ಎಷ್ಟು ಮರ ಬೇಕೆಂಬುದನ್ನು ಲೆಕ್ಕ ಹಾಕಿದವರು ಕಡಿಮೆ.

ಲೆಕ್ಕ ಹಾಕಿದವರಲ್ಲಿ ಪ್ರೊಫೆಸರ್ ಕೆ. ಎಸ್. ಜಗದೀಶ್ ಪ್ರಮುಖರು. ಬೆಂಗಳೂರಿನವರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿವಿಲ್ ಇಂಜಿನಿಯರಿಂಗ್ ಪಾಠ ಹೇಳಿದವರು. 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ಅಲ್ಲಿ 'ಅಸ್ತ್ರ' ಎಂಬ ಕೇಂದ್ರ ಹುಟ್ಟಿತು. ವಿಜ್ಞಾನವು ಹಳ್ಳಿಗೆ ಉಪಯೋಗವಾಗಬೇಕೆಂಬುದೇ ಅದರ ಗುರಿ. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮವು ಅದರ ಪ್ರಯೋಗಶಾಲೆಯಾಯಿತು. ಹೊಗೆ ಕಡಿಮೆ ಮಾಡುವ ಮೂರು ಪಾತ್ರೆಯ ಅಸ್ತ್ರ ಒಲೆಯನ್ನು ರೂಪಿಸಿದ ತಂಡದಲ್ಲಿಯೂ ಜಗದೀಶರಿದ್ದರು. ಕರ್ನಾಟಕದ ಹಲವು ಹಳ್ಳಿಗಳ ತಾಯಂದಿರಿಗೆ ಆ ಒಲೆ ಗೊತ್ತು, ಅದರ ಹಿಂದಿನ ಮೇಷ್ಟರ ಹೆಸರು ಗೊತ್ತಿರಲಾರದು.

ಅವರ ಮುಖ್ಯ ಕೆಲಸ ಗಟ್ಟಿಗೊಳಿಸಿದ ಮಣ್ಣಿನ ಇಟ್ಟಿಗೆ. ಅದರ ಕ್ರಮ ಇಂತಿದೆ. ಕೆಂಪು ಮಣ್ಣನ್ನು ಜರಡಿ ಹಿಡಿಯುತ್ತಾರೆ. ಒಂದು ಗಾಜಿನ ಲೋಟದಲ್ಲಿ ಮಣ್ಣು ನೀರು ಕದಡಿಟ್ಟರೆ ಮರಳು ಮೊದಲು ತಳಕ್ಕಿಳಿಯುತ್ತದೆ, ಜೇಡಿ ಆಮೇಲೆ. ಜೇಡಿ ಹೆಚ್ಚಾಗಿದ್ದರೆ ಮರಳು ಬೆರೆಸುತ್ತಾರೆ. ಇದಕ್ಕೆ ನೂರಕ್ಕೆ ಆರರಿಂದ ಎಂಟು ಭಾಗ ಸಿಮೆಂಟು ಕಲಸುತ್ತಾರೆ. ನೀರು ಎಷ್ಟೆಂದರೆ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಕೈಗೆ ಅಂಟಬಾರದು. ಆ ಬಳಿಕ ಕೈಯಿಂದಲೇ ನಡೆಸುವ ಅಚ್ಚುಯಂತ್ರದಲ್ಲಿಟ್ಟು ಉದ್ದನೆಯ ಸನ್ನೆಯಿಂದ ಒತ್ತುತ್ತಾರೆ. ಅಂತಹ ಯಂತ್ರವೊಂದರ ಹೆಸರು 'ಮರ್ದಿನಿ'. ದೇವಿಯ ಭಕ್ತರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಿಲ್ಲ. ಹೊರಬಂದ ಇಟ್ಟಿಗೆಯನ್ನು ಸುಡುವುದಿಲ್ಲ. ಹುಲ್ಲು ಹೊದಿಸಿ ಮೂರು ನಾಲ್ಕು ವಾರ ನೀರುಣಿಸುತ್ತಾರೆ. ಅವಸರಪಟ್ಟು ಇದನ್ನು ತಪ್ಪಿಸಿದರೆ ಇಟ್ಟಿಗೆ ಕೆಟ್ಟಿತು, ಬೈಗುಳ ಮಾತ್ರ ಮಣ್ಣಿಗೆ. ಎರೆಮಣ್ಣಿಗೆ ಈ ಸಿಮೆಂಟಿನ ಹದ ಒಗ್ಗದು. ಅದಕ್ಕೆ ಸುಣ್ಣವೇ ಬೇಕು.

2003ರಲ್ಲಿ ಜಗದೀಶರೂ ಅವರ ಸಹೋದ್ಯೋಗಿ ಬಿ. ವಿ. ವೆಂಕಟರಾಮ ರೆಡ್ಡಿಯವರೂ ಪ್ರಕಟಿಸಿದ ಲೆಕ್ಕದಂತೆ, ಸುಟ್ಟ ಇಟ್ಟಿಗೆಗೆ ತಗಲುವ ಇಂಧನಶಕ್ತಿಯ ಕಾಲು ಭಾಗ ಮಾತ್ರ ಇದಕ್ಕೆ ಸಾಕು. ಉಳಿದ ಮುಕ್ಕಾಲು ಭಾಗವೆಂದರೆ ಉರಿಯದೆ ಉಳಿದ ಸೌದೆ, ಕಲ್ಲಿದ್ದಲು. ಮಳೆ ಅಪರೂಪವಾದ ಈ ನಾಡಿನಲ್ಲಿ ಒಂದು ಹುಣಸೆಮರ ಬೆಳೆಯಲು ಎಷ್ಟು ವರ್ಷವೆಂದು ಇಲ್ಲಿ ಕುಳಿತವರೇ ಬಲ್ಲರು.

ಪಾಠ, ಸಂಶೋಧನೆ, ಕಟ್ಟಡ ಇವು ಅವರಿಗೆ ಬೇರೆ ಬೇರೆಯಾಗಿರಲಿಲ್ಲ. ಗೋಡೆ ಕಟ್ಟಿಸಿ ಕಂಡದ್ದನ್ನು ತರಗತಿಗೆ ತಂದರು. 2001ರ ಭುಜ್ ಭೂಕಂಪದಲ್ಲಿ ಇಟ್ಟಿಗೆ ಕಲ್ಲಿನ ಮನೆಗಳು ಹೇಗೆ ಬಿದ್ದವೆಂದು ತಮ್ಮ ತಂಡದೊಡನೆ ಪರಿಶೀಲಿಸಿದರು. ಗೋಡೆಯ ಎರಡು ಮುಖಗಳಲ್ಲಿ ತೆಳು ಕಬ್ಬಿಣದ ಸರಳು ನಿಲ್ಲಿಸಿ ಹಿಡಿದಿಡುವ ಉಪಾಯವನ್ನೂ ಬೆಳೆಸಿದರು. ಪಂಡಿತರಿಗೂ ಗಾರೆಯವರಿಗೂ ಬೇಕಾದ ವಿದ್ಯೆಯಿದು.

ದೇವಸ್ಥಾನಗಳ ಸುತ್ತ ಪಾಕಶಾಲೆ, ಯಾತ್ರಿಕರ ತಂಗುಮನೆ, ಪೌಳಿಗೋಡೆ ಎಂದು ಕಟ್ಟಡದ ಕೆಲಸ ನಿಲ್ಲುವುದೇ ಇಲ್ಲ. ಭಕ್ತರು ಕೊಟ್ಟ ಹಣ ಲಾರಿಯ ಬಾಡಿಗೆಗೂ ದೂರದ ಗೂಡಿಗೂ ಹೋಗುವುದಕ್ಕಿಂತ ಊರಿನ ಕೂಲಿಯವರ ಕೈ ಸೇರುವುದು ಮೇಲು. ಅಂತಹ ಕಟ್ಟಡಕ್ಕೆ ಕೈಹಾಕುವ ಮಂಡಳಿಯವರು ಮೊದಲು ಜಾಗದ ಮಣ್ಣನ್ನು ಪರೀಕ್ಷೆ ಮಾಡಿಸಲಿ. ತಳಪಾಯವನ್ನೂ ನೆಲಗಟ್ಟನ್ನೂ ಈ ಸೀಮೆಯ ಕಲ್ಲಿನಿಂದಲೇ ಎತ್ತರಿಸಲಿ. ಸೂರನ್ನು ಗೋಡೆಯಿಂದ ಎರಡಡಿಯಾದರೂ ಹೊರಕ್ಕೆ ಚಾಚಿಸಲಿ. ಹಳೆಯ ಮಣ್ಣಿನ ಮನೆಗಳು ಕರಗಿದ್ದು ಬುಡದಲ್ಲಿ ನಿಂತ ನೀರಿಗೆ, ಮೇಲಿಂದ ಹೊಡೆದ ಇರಚಲಿಗೆ.